ಮಗಳ ಕಾಲಿಗೆ ಬಿಸಿಲು

ನನ್ನ ಮೊದಲನೆಯ ಗಂಡುಮಗು ಐದು ತಿಂಗಳಿಗೇ ಜ್ವರ ಬಂದು ತೀರಿಕೊಂಡಿತು. ಕಡೂರಿನ ಮದುವೆಗೆ ಎತ್ತಿಕೊಂಡು ಹೋಗಿದ್ದೇ ತಪ್ಪಾಯ್ತು, ಯಾರದೋ ಕಣ್ಣು ಬಿತ್ತು ಎಂದು ಅತ್ತೆ ನಂಬಿದ್ದರು. ನಾನೂ ನಂಬಿದ್ದೆ. ಹಾಗಾಗಿ ಎಪ್ಪತ್ತರ ದಶಕದ ಕೊನೆಯಲ್ಲಿ ಮಗಳು ಹುಟ್ಟಿದಾಗ, ಅಜ್ಜಂಪುರದ ನಮ್ಮ ಮನೆಯ ನಡುಕೋಣೆಯಿಂದ ಅವಳನ್ನು ಆಚೆಗೆ ತರಲೇ ಇಲ್ಲ. ಮುಂದೆ ಜವಳಿ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಹಗಲಲ್ಲೂ ದೀಪ ಬೇಕಾಗುವ ಆ ಕೋಣೆ.

"ಹಲ್ಲು ಬರ್ಲಿ, ನಡೆಯೋದ್ ಕಲೀಲಿ, ಆಮೇಲ್ ನೋಡಾನ ಕಣೇ," ಎನ್ನುತ್ತಿದ್ದರು ಅತ್ತೆ.

ಹಲ್ಲು ಬರಲಿಲ್ಲ. ವರ್ಷ ತುಂಬಿದರೂ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದಳು. ಮಲಗಿದರೆ ತಲೆ ಬೆವೆತು ದಿಂಬೆಲ್ಲ ಒದ್ದೆ. ಒಂದೂವರೆ ವರ್ಷಕ್ಕೆ ಹಿಡಿದು ನಿಲ್ಲಿಸಿದಾಗ ಎರಡು ಕಾಲೂ ಬಿಲ್ಲಿನಂತೆ ಬಾಗಿದ್ದವು.

ಯಾರೋ ಹೇಳಿದರೆಂದು ಸಿಂಗಟಗೆರೆ ಕಡೆಯ ಬರೆ ಹಾಕುವವರ ಹತ್ತಿರ ಹೋದೆವು. ಮಗುವಿನ ಕಾಲು ಅಲುಗದಂತೆ ಹಿಡಿದುಕೊಂಡವಳು ನಾನೇ. ಕಾದ ಕಡ್ಡಿ ತಾಗಿದಾಗ ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಅತ್ತಳು. ಗಾಯ ಮಾಯಲು ತಿಂಗಳು ಹಿಡಿಯಿತು. ಕಾಲು ಹಾಗೇ ಇತ್ತು. ಇವಳೂ ನನಗೆ ಉಳಿಯುವುದಿಲ್ಲ ಅನ್ನಿಸತೊಡಗಿತು.

ಕೊನೆಗೆ ಅತ್ತೆಗೆ ಹೇಳದೆ, ಗಂಡನನ್ನು ಕಾಡಿಬೇಡಿ, ತರೀಕೆರೆಯ ಬಸ್ಸು ಹತ್ತಿದೆ. ಡಾಕ್ಟರು ಮಗುವಿನ ಮಣಿಕಟ್ಟು ಒತ್ತಿ ನೋಡಿದರು, ಪಕ್ಕೆಲುಬು ಸವರಿದರು.

"ಈ ಮಗು ಬಿಸಿಲು ಕಂಡಿದೆಯೇನಮ್ಮ?"

"ಇಲ್ಲ ಸಾರ್."

"ಎಷ್ಟು ದಿನದಿಂದ?"

"ಹುಟ್ಟಿದಾಗಿಂದ."

"ಮೈಗೆ ಬಿಸಿಲು ಬಿದ್ರೆ ಚರ್ಮವೇ ಡಿ ವಿಟಮಿನ್ ತಯಾರು ಮಾಡ್ಕೊಳ್ಳುತ್ತೆ. ಅದಿಲ್ದೆ ಮೂಳೆ ಗಟ್ಟಿಯಾಗಲ್ಲಮ್ಮ. ಬರೀ ಎದೆಹಾಲಿನಿಂದ ಅದು ಸಾಲದು," ಎಂದರು.

"ಕಾಲು ನೆಟ್ಟಗಾಗ್ತದಾ ಸಾರ್?"

"ಆಗಬಹುದು. ಮಾತು ಕೊಡಕ್ಕಾಗಲ್ಲ."

ಸೂಜಿ ಚುಚ್ಚಿದರು, ಹನಿ ಔಷಧಿ ಕೊಟ್ಟರು, ದಿನಾ ಬಿಸಿಲಿಗೆ ಬಿಡಿ ಎಂದರು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅದೇ ಯೋಚನೆ. ಕಣ್ಣು ಬೀಳಬಾರದೆಂದು ಕಾದವಳು ನಾನೇ ಅವಳ ಮೂಳೆ ಕರಗಿಸಿದ್ದೆ.

ಮರುದಿನ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಚಾಪೆ ಹಾಸಿ ಅವಳನ್ನು ಬರಿಮೈಯಲ್ಲಿ ಮಲಗಿಸಿದೆ. "ಒಂದನ್ನ ಕಳ್ಕಂಡಿದ್ದು ಸಾಲ್ದಾ ನಿಂಗೆ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಅತ್ತರು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಕೂಸೋ ಮೆಣಸಿನಕಾಯೋ, ಒಣಗಾಕಿದೀಯಲ್ಲೇ," ಎಂದಳು. ನಾನು ಮಗುವಿನ ಪಕ್ಕದಿಂದ ಏಳಲಿಲ್ಲ.

ಒಂದು ತಿಂಗಳಿಗೆ ಮಳೆ ಹಿಡಿಯಿತು. ದಿನಗಟ್ಟಲೆ ಮೋಡ, ಜಿಟಿಜಿಟಿ. ಔಷಧಿ ಹಾಕುತ್ತಿದ್ದರೂ ನನಗೆ ಹುಚ್ಚು ಹಿಡಿದಂತಾಗಿತ್ತು. ಮೋಡ ಸರಿದು ಬೀದಿಯಲ್ಲಿ ಎಲ್ಲಾದರೂ ಬಿಸಿಲು ಬಿದ್ದರೆ, ಸೆರಗು ಜಾರಿದರೂ ಲೆಕ್ಕಿಸದೆ ಮಗುವನ್ನೆತ್ತಿಕೊಂಡು ಓಡುತ್ತಿದ್ದೆ. ತಲುಪುವಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು. ಅಂಗಡಿಯವರು ನಗುತ್ತಿದ್ದರು. ಗಂಡ ತಲೆ ತಗ್ಗಿಸಿ ಬಟ್ಟೆ ಅಳೆಯುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಒಗೆಯುವ ಕಲ್ಲು ಹಿಡಿದು ತಾನಾಗಿ ಎದ್ದು ನಿಂತಳು. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಕಾಲನ್ನು ಮೇಲಿಂದ ಕೆಳಗೆ ಸವರಿದರು.

"ನಂಗ್ ತಿಳೀಲಿಲ್ಲ ಕಣವ್ವ," ಎಂದರು.

"ನಂಗೂ ತಿಳೀಲಿಲ್ಲ ಅತ್ತೆ," ಎಂದೆ.

ಬಲಗಾಲು ನೆಟ್ಟಗಾಯಿತು. ಎಡಗಾಲು ಪೂರ್ತಿ ಆಗಲಿಲ್ಲ.