ಪಂಕ್ಚರ್ ಆಗದ ಗಾಲಿ

ಬೀರಪ್ಪ, ಅವತ್ತು ನನ್ನ ಗಾಲಿ ಪಂಕ್ಚರ್ ಆಗಿರಲಿಲ್ಲ. ಗಾಳಿ ಬಿಟ್ಟವನು ನಾನೇ.

ಲೋಕಾಪುರದಿಂದ ಜಮಖಂಡಿಯವರೆಗೆ ಸೈಕಲ್ ರೇಸು. ಗೆದ್ದವನಿಗೆ ರಾಜ್ಯ ತಂಡದಲ್ಲಿ ಜಾಗ. ನಮ್ಮ ತಂಡಕ್ಕೆ ನಾನು ನಾಯಕ. ನಾಯಕನ ಗಾಲಿ ಕೆಟ್ಟರೆ ಹತ್ತಿರವಿದ್ದ ಜೊತೆಗಾರ ತನ್ನದನ್ನು ಬಿಚ್ಚಿಕೊಡಬೇಕು — ಕೋಚ್ ನಮಗೆ ಕಲಿಸಿದ ಮೊದಲ ಪಾಠ. ಮುಧೋಳ ದಾಟಿದಾಗ ಮುಂದೆ ಉಳಿದವರು ನಾವಿಬ್ಬರೇ. ನನ್ನ ಕಾಲುಗಳು ಸೋತಿದ್ದವು. ನೀನೋ, ಸಂತೆಗೆ ಹೊರಟವನ ಹಾಗೆ ಆರಾಮಾಗಿ ತುಳಿಯುತ್ತಿದ್ದೆ. ಇವನು ಗೆದ್ದುಬಿಡುತ್ತಾನೆ ಅಂತ ಗೊತ್ತಾಯಿತು.

ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತ್ತು. ಅದರ ಮರೆಯಲ್ಲಿ ಇಳಿದು ಹಿಂದಿನ ಗಾಲಿಯ ವಾಲ್ವ್ ಒತ್ತಿಹಿಡಿದೆ. ಆ ಸದ್ದು — ಈಗಲೂ ಯಾರಾದರೂ ಟೈರಿನ ಗಾಳಿ ಬಿಟ್ಟರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

"ಬೀರ್ಯಾ, ನಿನ್ನ ಗಾಲಿ ಕೊಡು ಲೇ," ಎಂದು ಕೂಗಿದೆ.

ನೀನು ತಿರುಗಿ ಬಂದೆ. ನನ್ನ ಟೈರನ್ನು ಮುಟ್ಟಿ ಕೂಡ ನೋಡಲಿಲ್ಲ. "ತಗೋ, ನೀ ನಡಿ," ಎಂದೆ, ಅಷ್ಟೇ. ನಾನು ಗೆದ್ದೆ. ರಾಜ್ಯ ತಂಡ, ಅದರಿಂದ ನೌಕರಿ, ಈಗ ಈ ಸೈಕಲ್ ತಂಡದ ಮ್ಯಾನೇಜರ್ ಕುರ್ಚಿ — ಎಲ್ಲ ನಿನ್ನ ಗಾಲಿಯ ಮೇಲೆ ಬಂದದ್ದು. ನೀನು ಮತ್ತೆ ರೇಸಿಗೆ ಬರಲಿಲ್ಲ. ಶಾಲೆಯ ವ್ಯಾನ್ ಓಡಿಸುತ್ತ ಉಳಿದೆ.

ಆ ರೇಸಿನ ಮುಂದಿನ ವಾರ, ನಿನ್ನ ಬಳಿ ಉಳಿದಿದ್ದ ನನ್ನ ಗಾಲಿ ಮರಳಿ ಕೊಡಲು ಬಂದಾಗ ಹೇಳಿದೆಯಲ್ಲ — "ಗಾಳಿ ಹಾಕೇನಿ. ನಿಂತೈತಿ, ನೋಡು." ಟ್ಯೂಬನ್ನು ನೀರಲ್ಲಿ ಅದ್ದಿ ನೋಡಿದ್ದೆಯಾ? ಗುಳ್ಳೆ ಏಳದ್ದನ್ನು, ತೂತೇ ಇಲ್ಲದ್ದನ್ನು ಕಂಡೂ ಸುಮ್ಮನಾದೆಯಾ? ಇಷ್ಟು ವರ್ಷ ನಿನ್ನ ಮುಖ ಕಂಡಾಗಲೆಲ್ಲ ಅದನ್ನೇ ಹುಡುಕಿದ್ದೇನೆ. ಕೇಳುವ ಧೈರ್ಯ ಮಾತ್ರ...

ಈಗ ನಿನ್ನ ಮಗಳು ಸುಜಾತಾ ನನ್ನ ತಂಡದಲ್ಲಿದ್ದಾಳೆ. ನಾಳೆ ಜಮಖಂಡಿಯಲ್ಲಿ ರೇಸು, ಮತ್ತೆ ಅದೇ ರಾಜ್ಯ ತಂಡದ ಆಯ್ಕೆ. ಇವತ್ತು ಮಧ್ಯಾಹ್ನ ಮೀಟಿಂಗಿನಲ್ಲಿ, ನಾಯಕಿಗೆ ಗಾಲಿ ಕೊಡುವ ಕೆಲಸ ಅವಳಿಗೆ ವಹಿಸಿದೆ. ಅವಳು ತಕ್ಷಣ ತಲೆಯಾಡಿಸಿದಳು.

"ಆತ್ರಿ ಸರ್. ಗಾಲಿ ಕೇಳಿದ್ರ ಯಾಕಂತ ಕೇಳಬಾರದಂತ ಅಪ್ಪ ಹೇಳ್ಯಾನ್ರಿ."

ತಂಡದಲ್ಲಿ ಅವಳಷ್ಟು ಜೋರಾಗಿ ತುಳಿಯುವವಳು ಇನ್ನೊಬ್ಬಳಿಲ್ಲ, ಅದು ನನಗೆ ಗೊತ್ತು. ಆದರೂ ಗಾಲಿ ಕೊಡಲು ಅವಳನ್ನೇ ಏಕೆ ಆರಿಸಿದೆ? ನಿಮ್ಮ ಮನೆಯವರು ಇಲ್ಲ ಎನ್ನುವುದಿಲ್ಲ — ಅದೂ ನನಗೆ ಗೊತ್ತಿತ್ತು, ಬೀರಪ್ಪ. ಒಮ್ಮೆ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದ್ದೇನೆ, ಈ ಸಲ ವಾಲ್ವ್ ಮುಟ್ಟದೆ.

ನಾಳೆ ಬೆಳಿಗ್ಗೆ ನೀನು ಅವಳ ಟೈರು ಒತ್ತಿ ನೋಡಲು ಬರುತ್ತೀಯ. ಆಗ ಇದನ್ನೆಲ್ಲ ನಿನಗೆ ಹೇಳುತ್ತೇನೆ, ಅವಳೆದುರೇ. ಅವಳು ನನ್ನನ್ನು ಮತ್ತೆ ಸರ್ ಎನ್ನದೇ ಹೋದರೂ. ಮೀಟಿಂಗಿನ ತೀರ್ಮಾನ ಬದಲಿಸುತ್ತೇನೆ: ನಾಳೆ ನಾಯಕಿ ಸುಜಾತಾ. ಗಾಲಿ ಕೆಟ್ಟರೆ ಉಳಿದವರು ಅವಳಿಗೆ ಕೊಡುತ್ತಾರೆ.

ನೀನು ಕ್ಷಮಿಸಬೇಕಿಲ್ಲ. ಆ ಟ್ಯೂಬನ್ನು ನೀರಲ್ಲಿ ಅದ್ದಿದ್ದೆಯೋ ಇಲ್ಲವೋ, ಅದೊಂದನ್ನು ಹೇಳು ಸಾಕು.