ಪಟ್ಟೆ ಮೀನಿನ ಜೋಡಿ

ಮೀನಣ್ಣನ ಮಂಚದ ಕಾಲ್ದೆಸೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ಅಂಗೈಯಗಲದ, ಬೆಳ್ಳಿ ಬಣ್ಣದ ಮುದಿ ಏಂಜಲ್ ಮೀನು, ಒಂದೇ ಒಂದು. ಪಾರ್ಶ್ವವಾಯು ಹೊಡೆದು ಕೈಕಾಲು, ಮಾತು ಎಲ್ಲ ಹೋದ ಮೇಲೆ ಅವನ ಅಕ್ವೇರಿಯಂ ಅಂಗಡಿ ಬೇರೆಯವರ ಪಾಲಾಯಿತು. ಮೊಟ್ಟೆಯಿಂದ ಸಾಕಿದ್ದ ಈ ಏಂಜಲನ್ನು ಮಾತ್ರ ಹೆಂಡತಿ ಮನೆಗೆ ತಂದಳು. "ಎಷ್ಟು ತಿಳಿಯುತ್ತೋ ಹೇಳೋಕಾಗಲ್ಲಮ್ಮ" ಎಂದಿದ್ದರು ಡಾಕ್ಟರು. ಆದರೆ ಏಂಜಲ್ ಹೋದ ಕಡೆಗೆಲ್ಲ ಅವನ ಕಣ್ಣು ಹೋಗುತ್ತಿತ್ತು. ದೇವರು ಇಷ್ಟನ್ನಾದರೂ ಉಳಿಸಿದ್ದಾನಲ್ಲ ಎಂದು ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಅವಳು ಟೈಲರ್. ಇದನ್ನೆಲ್ಲ ನನಗೆ ಹೇಳಿದ್ದು ಅವಳೇ, ನಾನು ಹೊಲಿಯಲು ಕೊಟ್ಟ ಬಟ್ಟೆಗೆ ಗುಂಡಿ ಹೊಲಿಯುತ್ತ, ತಲೆಯೆತ್ತದೆ. ಅಂಗಡಿ ನಡೆಯುತ್ತಿದ್ದಾಗ ಅವಳು ಅತ್ತ ಕಾಲಿಟ್ಟವಳಲ್ಲ. ಆ ಹಸಿ ವಾಸನೆಗೇ ತಲೆ ಸುತ್ತುತ್ತಿತ್ತು. "ನಿನ್ನ ಸವತಿಯರನ್ನ ಒಂದ್ಸಲನಾದ್ರೂ ಬಂದು ನೋಡೇ" ಎಂದು ಗಂಡ ರೇಗಿಸುತ್ತಿದ್ದ.

ಅವನೂ ಒಂಟಿ, ಮೀನೂ ಒಂಟಿ ಅನಿಸಿ, ಮೀನಿಗೊಂದು ಜೊತೆ ತರಲು ಒಂದು ದಿನ ಅವಳೇ ಆ ಅಂಗಡಿಗೆ ಹೋದಳು. ಈಗಿನ ಅಂಗಡಿಯವನು ಹಿಂದೆ ಮೀನಣ್ಣನ ಕೈಕೆಳಗೆ ಕೆಲಸ ಮಾಡಿದವನು.

"ಸಣ್ಣ ಮೀನು ಬಿಟ್ರೆ ಏಂಜಲ್ ನುಂಗಿಬಿಡುತ್ತೆ ಅಕ್ಕಾ. ಜಗಳಗಂಟಿ ಜಾತಿ ಬಿಟ್ರೆ ಅವು ಏಂಜಲನ್ನ ಉಳಿಸಲ್ಲ."

"ಥೇಟ್ ಅತ್ತೆ ಸೊಸೆ ಹಾಗೆ ಅನ್ನು."

"ಹೂಂ, ಆದ್ರೆ ಇವು ಬೇರೆ ಮನೆ ಮಾಡೋ ಹಾಗಿಲ್ವಲ್ಲ!"

ತಳದಲ್ಲಿ ತೆಪ್ಪಗೆ ಓಡಾಡುವ ಮೀನು ತೋರಿಸಿದ. ಮಂಚದ ಹಲಗೆ ಅಡ್ಡ ಬಂದು ಮಲಗಿದವನಿಗೆ ತೊಟ್ಟಿಯ ತಳ ಕಾಣುವುದಿಲ್ಲ ಎಂದು ಅವಳು ಅದನ್ನು ಒಪ್ಪಲಿಲ್ಲ. ಅವಳ ಕಣ್ಣು ಕಪ್ಪು ಬಿಳುಪಿನ ಪಟ್ಟೆ ಮೀನಿನ ಮೇಲೆ ಬಿತ್ತು. ಅಂಗಡಿಯವನು ತಲೆ ಕೆರೆದುಕೊಂಡ. "ಒಂದೇ ಇದ್ರೆ ಹೇಗೋ ಸುಧಾರಿಸ್ಕೊಳ್ಳುತ್ತೆ. ಒಂದೇ ಇರ್ಲಿ."

ಪಟ್ಟೆ ಮೀನು ಬಂದದ್ದೇ ತಡ, ಮೀನಣ್ಣನ ನೋಟ ಏಂಜಲನ್ನು ಬಿಟ್ಟು ಅದರ ಬೆನ್ನು ಹತ್ತಿತು. ಎಷ್ಟು ಇಷ್ಟವಾಗಿದೆ ಎಂದು ಅವಳು ಅಂಗಡಿಯವನ ಮಾತು ಮರೆಯುವಷ್ಟು ಹಿಗ್ಗಿದಳು. ಕೆಲಸದಿಂದ ಬರುವಾಗ ಸೈಕಲ್ಲಿನಲ್ಲಿ ಮೀನು ಮಾರುವವನ ಬಳಿ ಅಂಥದ್ದೇ ಇನ್ನೊಂದು ಕಂಡಿತು. ಕೊಂಡು ತಂದು ನೀರಿನ ಚೀಲವನ್ನು ಗಂಡನ ಮುಖದೆದುರು ಹಿಡಿದಳು.

"ನೋಡ್ರೀ, ಅದಕ್ಕೊಂದು ಜೊತೆ ತಂದಿದೀನಿ."

ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ತೆರೆದು ಅವಳನ್ನೇ ನೋಡಿ ಮತ್ತೆ ಮುಚ್ಚಿದ.

"ನಿದ್ದೆನಾ? ಆಯ್ತು, ಮಲಕ್ಕೊಳ್ಳಿ." ಹೊದಿಕೆ ಎಳೆದು, ಮೀನನ್ನು ತೊಟ್ಟಿಗೆ ಬಿಟ್ಟಳು.

ಬಂದದ್ದು ಹೆಣ್ಣು ಮೀನು. ಎರಡೂ ಜೋಡಿಯಾಗಿ ತಳದ ಮಣ್ಣಿನ ಕುಡಿಕೆಯಲ್ಲಿ ಮೊಟ್ಟೆಯಿಟ್ಟವು. ಮೊಟ್ಟೆಯ ಕಾವಲಿಗೆ ನಿಂತ ಆ ಜಾತಿ ಹತ್ತಿರ ಯಾರನ್ನೂ ಸೇರಿಸುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಹಗಲೆಲ್ಲ ಹೊಲಿಗೆಯಲ್ಲಿ. ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದು ಅವನಿಗೆ ಊಟ ಮಾಡಿಸಿ ಹೋಗುವುದಷ್ಟೆ.

ಒಂದು ಸಂಜೆ ಬಂದು ನೋಡಿದರೆ ಏಂಜಲ್ ನೀರಿನ ಮೇಲ್ಮೂಲೆಯಲ್ಲಿ ಅಡ್ಡಲಾಗಿ ತೇಲುತ್ತಿತ್ತು. ಉದ್ದನೆಯ ರೆಕ್ಕೆಗಳೆಲ್ಲ ಚಿಂದಿ. ಅವನ ಮುಖ ಅತ್ತಲೇ ಇತ್ತು. ಬೆಳಿಗ್ಗೆ ಅವಳೇ ದಿಂಬು ಏರಿಸಿ, ಚೆನ್ನಾಗಿ ಕಾಣಲಿ ಎಂದು ತಿರುಗಿಸಿ ಹೋಗಿದ್ದಳು. ತಲೆಯ ಎರಡೂ ಬದಿಗೆ ದಿಂಬು ಒದ್ದೆಯಾಗಿತ್ತು.

ಪಟ್ಟೆ ಮೀನುಗಳನ್ನು ಬಕೆಟ್ಟಿನಲ್ಲಿ ಅಂಗಡಿಗೆ ಒಯ್ದಳು. ಎರಡು ಮೀನು ಕಂಡ ಅಂಗಡಿಯವನ ಮುಖ ಸಣ್ಣದಾಯಿತು. "ಅಣ್ಣ ಬೇಡ ಅನ್ಲಿಲ್ವಾ?"

"ಅನ್ನೋಕೆ ಬಾಯೆಲ್ಲಿದೆ ಅವರಿಗೆ?"

"ಅಣ್ಣ ಯಾವತ್ತು ಬಾಯಲ್ಲಿ ಬೇಡ ಅಂದಿದ್ರು ಅಕ್ಕಾ? ಗಿರಾಕಿ ಮನಸ್ಸು ನೋಯಿಸ್ತಿರಲಿಲ್ಲ. ಹೊಂದದ ಮೀನು ಕೇಳಿದ್ರೆ ಕಣ್ಣು ಗಟ್ಟಿಯಾಗಿ ಮುಚ್ಕೊಂಡ್ಬಿಡೋರು, ಅಷ್ಟೇ. ನಾವೆಲ್ಲ ಅದಕ್ಕೆ ನಗ್ತಿದ್ವಿ."

ಅವಳು ಬಕೆಟ್ಟನ್ನು ಅಲ್ಲೇ, ಆ ಒದ್ದೆ ನೆಲದ ಮೇಲೆ ಬಿಟ್ಟು ಮನೆಯತ್ತ ಓಡಿದಳು.

ಈಗ ರಜೆಯ ದಿನಗಳಲ್ಲಿ ಅವಳು ಅಂಗಡಿಯಿಂದ ಒಂದೊಂದು ಮೀನನ್ನು ನೀರಿನ ಚೀಲದಲ್ಲಿ ತಂದು ಅವನ ಮುಂದೆ ಹಿಡಿಯುತ್ತಾಳೆ. "ಇದು?" ಅವನು ಕಣ್ಣು ಮುಚ್ಚುತ್ತಾನೆ. ಅವಳು ಮೀನನ್ನು ತಿರುಗಿ ಒಯ್ಯುತ್ತಾಳೆ. ಹೇಗೂ ತಾನೇ ಮತ್ತೆ ಬಿಚ್ಚಬೇಕಲ್ಲ ಎಂದು ಅಂಗಡಿಯವನು ಚೀಲಕ್ಕೆ ಸಡಿಲ ಗಂಟೇ ಹಾಕುತ್ತಾನೆ. "ತೊಟ್ಟಿ ತೆಗೆದುಬಿಡ್ಲಾ?" ಎಂದು ಒಮ್ಮೆ ಕೇಳಿದಳು. ಅದಕ್ಕೂ ಕಣ್ಣು ಮುಚ್ಚಿದ. ಬರೀ ನೀರಿನಲ್ಲಿ ಗುಳ್ಳೆಗಳು ಏಳುತ್ತಲೇ ಇವೆ.

ಅವನನ್ನು ಕೇಳದೆ ಉಳಿದದ್ದು ಒಂದಿದೆ ಎಂದಳು. "ನನ್ನ ಮೇಲೆ ಕೋಪಾನಾ?" ಅಂತ. ಆಗ ಅವನು ಕಣ್ಣು ಮುಚ್ಚದೆ ಹಾಗೇ ನೋಡುತ್ತ ಉಳಿದುಬಿಟ್ಟರೆ ಎಂದು ಅವಳಿಗೆ ಭಯ.

ದಾರ ಕಡಿದು, ನನ್ನ ಬಟ್ಟೆ ಮಡಿಸಿ ಕೊಟ್ಟಳು.