ಲುಟ್ಗಾರ್ಡ್ ಕೇಳಿದ ಒಂದು ಲೋಟ

"ಒಂದಲ್ಲ ಒಂದು ದಿನ ನನ್ನ ಕೈಯಾರೆ ನಿನಗೊಂದು ಲೋಟ ಬಗ್ಗಿಸಿ ಕೊಡ್ತೀನಿ, ಲುಟ್ಗಾರ್ಡ್." ಬಿಯರ್ ಮಾಡಿಸುವ ಕ್ರೈಸ್ತ ಸನ್ಯಾಸಿ ಬ್ರದರ್ ಅಮಾಂಡುಸ್ ಈ ಮಾತು ಕೊಟ್ಟಾಗ ಲುಟ್ಗಾರ್ಡ್ ಡೆಸ್ಮೆಡ್ಟ್ ಮಠದ ಬಿಯರ್ ಮನೆಗೆ ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಆಗ ಆಕೆಗೆ ಮೂವತ್ತು ವರ್ಷ. ಈಗ ಆಕೆಯ ಮಗಳಿಗೇ ಮೂವತ್ತು.

ಬೆಳಗಿನ ಐದು ಗಂಟೆ. ಮಠದ ಮೊದಲ ಪ್ರಾರ್ಥನೆ ಮುಗಿದಿದೆ, ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಗಳ ಮೇಲೆ ಮಂಜು ಇನ್ನೂ ಕೂತಿದೆ. ಲುಟ್ಗಾರ್ಡ್ ಸ್ವೆಟರ್ ಬಿಚ್ಚಿ ಬಾಗಿಲಾಚೆಯ ಮೊಳೆಗೆ ನೇತುಹಾಕಿ ಬಿಸಿಕೋಣೆಯೊಳಗೆ ಕಾಲಿಡುತ್ತಾಳೆ. ಒಳಗೆ ಗಬ್ಬದ ಹಸುವಿನ ಮೈಯಂಥ ಶಾಖ. ಕಂದು ಬಾಟಲಿಗಳು ಕ್ರೇಟುಗಳಲ್ಲಿ ಸೂರಿನವರೆಗೆ ನಿಂತಿವೆ. ಬಾಟಲಿಗೆ ತುಂಬುವಾಗ ಒಂದಿಷ್ಟು ಸಕ್ಕರೆ, ಒಂದಿಷ್ಟು ಜೀವಂತ ಯೀಸ್ಟ್ ಸೇರಿಸಿ ಮುಚ್ಚಿರುತ್ತಾರೆ. ಬಿಯರ್ ಇಲ್ಲಿ ಕತ್ತಲಲ್ಲಿ ವಾರಗಟ್ಟಲೆ ನಿಂತು ಎರಡನೆಯ ಸಲ ಹುಳಿಯೇಳುತ್ತದೆ. ಅದು ಹದಕ್ಕೆ ಬಂದಿತೋ ಇಲ್ಲವೋ ಎಂದು ಹೇಳುವುದು ಈಕೆಯ ಕೆಲಸ.

ಆಕೆ ಬಾಟಲಿ ಎತ್ತುವುದು ಯಾವಾಗಲೂ ಬಾಗಿಲ ಸಂದಿನ ಮೂಲೆಯಿಂದ. ಗಾಳಿ ನುಗ್ಗುವ ಆ ಮೂಲೆಯದೇ ಎಲ್ಲಕ್ಕಿಂತ ಸೋಮಾರಿ ಬಾಟಲಿ. ಅದು ಎದ್ದಿತೆಂದರೆ ಕೋಣೆಯೆಲ್ಲ ಎದ್ದಂತೆ. ಮುಚ್ಚಳವನ್ನು ಕಿವಿಯ ಹತ್ತಿರ ತೆಗೆದು ಗಾಳಿಯ ಸದ್ದು ಕೇಳುತ್ತಾಳೆ. ಬಾಯಗಲದ ಲೋಟಕ್ಕೆ ಒಂದೇ ಓಟದಲ್ಲಿ ಬಗ್ಗಿಸಿ, ತಳದಲ್ಲಿ ಒಂದು ಬೆರಳಿನಷ್ಟು ಗಸಿಯನ್ನು ಬಾಟಲಿಯಲ್ಲೇ ಉಳಿಸುತ್ತಾಳೆ. ನೊರೆ ಏರಿ ನಿಲ್ಲಬೇಕು. ಕಪ್ಪು ಬಿಯರಾದರೆ ಒಣದ್ರಾಕ್ಷಿ, ಅಂಜೂರ, ತಳ ಹತ್ತಿಯೂ ಹತ್ತದ ಸಕ್ಕರೆ ಪಾಕದ ವಾಸನೆ ಬರಬೇಕು. ಹೊಂಬಣ್ಣದ್ದಾದರೆ ಕಿತ್ತಳೆ ಸಿಪ್ಪೆ, ಲವಂಗ, ಕೊನೆಗೆ ನಾಲಿಗೆಯ ಬುಡದಲ್ಲಿ ಕಾಳುಮೆಣಸಿನ ಚುರುಕು.

ಈ ದಿನ ನೊರೆ ಅರ್ಧಕ್ಕೇ ಕುಸಿಯುತ್ತದೆ. "ಎಳಸು," ಎನ್ನುತ್ತಾಳೆ. ಕ್ರೇಟುಗಳನ್ನು ಲಾರಿಗೆ ತುಂಬಿ ಒಯ್ಯಲು ಬಂದ ವಾನ್ನೆಸ್ ಹಣೆ ಹಣೆ ಬಡಿದುಕೊಳ್ಳುತ್ತಾನೆ. ಆತ ಗೊಣಗುವುದು ಹೊಸತಲ್ಲ. ಗಿರಾಕಿಗಳು ಸಾಲು ನಿಂತಿದ್ದಾರೆ, ಕುಡಿಯುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ಆತನ ವಾದ.

"ನಿನ್ನ ಹೆಂಡ್ತಿ ಅರ್ಧ ಬೆಂದ ಬ್ರೆಡ್ ಹಾಕಿದ್ರೆ ತಿಂತೀಯೇನೋ?"

"ಮಾತಾಡದೆ ತಿಂತೀನಿ, ತಾಯಿ. ನಿನ್ನ ಮನೇಲಿ ಹುಟ್ಟಲಿಲ್ಲವಲ್ಲ, ಅದೇ ನನ್ನ ಪುಣ್ಯ."

ಲಾರಿ ಖಾಲಿಯಾಗಿಯೇ ಹಿಂದಿರುಗುತ್ತದೆ.

ಆಕೆಯ ಗಂಡ ರೂಲಾಂಡ್ ಇಟ್ಟಿಗೆ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡ ವರ್ಷ ಮಕ್ಕಳಿಬ್ಬರೂ ಸಣ್ಣವರು. ಬಾಟಲಿ ತೊಳೆಯಲು ಜನ ಬೇಕೆಂದು ಕೇಳಿ ಸೈಕಲ್ ಹತ್ತಿ ಬಂದಳು. ತೊಳೆಯುತ್ತ ತೊಳೆಯುತ್ತ ಮೂಗು ತಯಾರಾಯಿತು. ಬ್ರದರ್ ಅಮಾಂಡುಸ್ ಬಿಸಿಕೋಣೆಯನ್ನು ಒಪ್ಪಿಸಿದರು. ಶಾಖದಿಂದ ಹೊರಬಂದು ಹಿಮಗಾಳಿಗೆ ಮೈಯೊಡ್ಡಿ ಕೆಮ್ಮು ಕಾಯಂ ಆಗಿದೆ. ಕ್ರೇಟು ಎತ್ತಿ ಎತ್ತಿ ಬಲ ಮಣಿಕಟ್ಟಿಗೆ ಪಟ್ಟಿ ಬಿದ್ದಿದೆ. ಮಕ್ಕಳ ಬುತ್ತಿ ಕಟ್ಟಿಟ್ಟು ಅವರು ಏಳುವ ಮೊದಲೇ ಮನೆ ಬಿಡುತ್ತಿದ್ದಳು; ಅವರ ಬೆಳಗಿನ ಮುಖ ಭಾನುವಾರ ಮಾತ್ರ ಕಾಣುತ್ತಿತ್ತು.

ಇಷ್ಟೆಲ್ಲ ರುಚಿ ನೋಡಿದ ನಾಲಿಗೆಗೆ ಈ ಮಠದ ಒಂದು ಬಿಯರ್ ಮಾತ್ರ ಇದುವರೆಗೆ ತಾಗಿಲ್ಲ. ಅದು ಸನ್ಯಾಸಿಗಳ ಊಟದ ಬಿಯರ್. ತೆಳುವಾದದ್ದು, ಅಮಲು ಅತಿ ಕಡಿಮೆ. ಅದನ್ನು ಮಾರುವುದಿಲ್ಲ, ಬಾಟಲಿಗೂ ತುಂಬುವುದಿಲ್ಲ. ತೊಟ್ಟಿಯಿಂದ ನೇರ ಜಗ್ಗಿಗೆ ಹಿಡಿದು, ಹೆಂಗಸರು ದಾಟಬಾರದ ಬಾಗಿಲಿನಾಚೆಯ ಊಟದ ಮನೆಗೆ ಒಯ್ಯುತ್ತಾರೆ. ಸೇರಿದ ವಾರವೇ ಆ ಜಗ್ಗುಗಳು ಮುಂದೆ ಹಾದುಹೋದಾಗ ಹಸಿ ಹಿಟ್ಟಿನ, ಹುಲ್ಲಿನ, ಏನೋ ಒಂದು ಹೂವಿನ ವಾಸನೆ ಬಂತಂತೆ. ನನಗೂ ಒಂದು ಲೋಟ ಸಿಗುತ್ತದೆಯೇ ಎಂದು ಕೇಳಿಯೇಬಿಟ್ಟಳು. ಬ್ರದರ್ ನಕ್ಕು ಮಾತು ಕೊಟ್ಟದ್ದು ಆಗಲೇ.

ಆದರೆ ಊಟದ ಮೇಜಿನದು ಮೇಜಿಗೇ ಎಂಬುದು ಮಠದ ಕಟ್ಟಳೆ. ಮಠದ ಮುಖ್ಯಸ್ಥರಾದ ಹಿರಿಯರ ಅಪ್ಪಣೆ ಬೇಕು. ಒಬ್ಬರು ಕೂಡದೆಂದರು. ಅವರ ನಂತರದವರು ನೋಡೋಣ ಎನ್ನುತ್ತಲೇ ತೀರಿಕೊಂಡರು. ಪ್ರತಿ ಈಸ್ಟರ್‌ಗೂ ಬ್ರದರ್ ಅಮಾಂಡುಸ್ ಬಿಸಿಕೋಣೆಯ ಬಾಗಿಲಲ್ಲಿ ನಿಂತು ಈ ವರ್ಷವೂ ಇಲ್ಲವೆಂಬಂತೆ ತಲೆಯಾಡಿಸುವುದು, ಆಕೆ ಭುಜ ಕುಣಿಸುವುದು ರೂಢಿಯೇ ಆಯಿತು. ತೊಟ್ಟಿ ಇರುವುದು ಬಿಸಿಕೋಣೆಯಿಂದ ಹತ್ತು ಹೆಜ್ಜೆಗೆ, ನಲ್ಲಿಗೆ ಬೀಗವಿಲ್ಲ. ಕದ್ದು ಕುಡಿಯಬಹುದಿತ್ತಲ್ಲ ಎಂದರೆ ಲುಟ್ಗಾರ್ಡ್ ಪಟ್ಟಿ ಬಿಗಿಮಾಡಿಕೊಳ್ಳುತ್ತಾಳೆ.

"ಕುಡೀಬೋದಿತ್ತು. ಕುಡಿದ್ಮೇಲೆ ಯಾವುದಕ್ಕೆ ಕಾಯ್ಲಿ?"

ಈ ವರ್ಷ ಕಾಯುವುದಕ್ಕೂ ಕೊನೆ ಕಂಡಿತು. ಮಠದಲ್ಲಿ ಉಳಿದವರು ನಾಲ್ವರೇ, ಎಲ್ಲರೂ ಮುದುಕರು. ನವೆಂಬರಿನ ಸಂತರ ಹಬ್ಬಕ್ಕೆ ಮಠ ಮುಚ್ಚುವುದೆಂದು ತೀರ್ಮಾನವಾಗಿದೆ. ಬಿಯರ್ ಮನೆ ನಡೆಯುತ್ತದೆ, ಲುಟ್ಗಾರ್ಡ್‌ಳ ಕೆಲಸವೂ ಉಳಿಯುತ್ತದೆ. ಆದರೆ ಗೋಡೆಯೊಳಗೆ ಸನ್ಯಾಸಿಗಳಿಲ್ಲದ ಮೇಲೆ ಬಾಟಲಿಯ ಮೇಲೆ ಟ್ರಾಪಿಸ್ಟ್ ಎಂದು, ಅಂದರೆ ಆ ಪಂಥದ ಸನ್ಯಾಸಿಗಳ ಬಿಯರೆಂದು, ಬರೆಯುವಂತಿಲ್ಲ. ಊಟದ ಬಿಯರನ್ನಂತೂ ಇನ್ನು ಯಾರಿಗೆಂದು ಮಾಡುವುದು? ಈಗಿನ ಹಿರಿಯರು ಫಾದರ್ ಇವೋ. ಇನ್ನು ಯಾರಿಗಾಗಿ ಬಚ್ಚಿಡುವುದು, ಆಕೆಗೂ ಕೊಡಿ ಎಂದುಬಿಟ್ಟರು. ಸೆಪ್ಟೆಂಬರಿನಲ್ಲಿ ಬ್ರದರ್ ಅಮಾಂಡುಸ್ ಊರುಗೋಲು ಹಿಡಿದು ನಿಂತು ಕೊನೆಯ ಊಟದ ಬಿಯರ್ ಮಾಡಿಸಿದರು.

ಅದು ತೊಟ್ಟಿಯಲ್ಲಿ ಇನ್ನೂ ಹುಳಿಯೇಳುತ್ತಿರುವಾಗಲೇ ಫೋನ್ ಬಂತು. ಕನ್ಯಾಸ್ತ್ರೀಯರು ನಡೆಸುವ ವೃದ್ಧಾಶ್ರಮದಲ್ಲಿ ಕೋಣೆಯೊಂದು ತೆರವಾಗಿದೆ. ಬ್ರದರ್ ಅಮಾಂಡುಸ್ ನಾಳೆಯೇ ಬರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ವ್ಯಾನು ಅಂಗಳದಲ್ಲಿ ನಿಂತಿತ್ತು. ಬ್ರದರ್ ಲೋಟ ಹಿಡಿದು ತೊಟ್ಟಿಯ ಹತ್ತಿರ ಬಂದರು. ಲುಟ್ಗಾರ್ಡ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಎದುರು ನಿಂತಳು. ಅವರು ಮೊದಲು ತಮಗೆಂದು ನಲ್ಲಿಯಿಂದ ಒಂದು ಗುಟುಕು ಹಿಡಿದು ಬಾಯಲ್ಲಿ ತಿರುಗಿಸಿದರು.

"ಇನ್ನೂ ಐದು ದಿನ ಬೇಕು," ಎಂದರು.

"ವಾಸನೆಗೇ ಗೊತ್ತಾಯ್ತು, ಬ್ರದರ್."

"ಬಗ್ಗಿಸ್ಲಾ?"

ಆಕೆ ಬೇಡವೆಂದಳು. ಬಗ್ಗಿಸುವ ಮನಸ್ಸು ಅವರಿಗೂ ಇರಲಿಲ್ಲ. ಎಳಸಾದದ್ದನ್ನು ಹೊರಗೆ ಬಿಡಬಾರದೆಂದು ಆಕೆಗೆ ಕಲಿಸಿದ್ದೇ ಅವರು. ವ್ಯಾನಿನ ಬಾಗಿಲು ಹಾಕುವ ಮುನ್ನ, ಹದ ಬಂದಾಗ ಹಿಡಿದುಕೊಂಡು ಬಾ, ಅಲ್ಲೇ ಬಗ್ಗಿಸಿ ಕೊಡ್ತೀನಿ ಎಂದರು.

ಹದ ಬಂದ ದಿನ ಆಕೆ ಜಗ್ಗಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ವಾನ್ನೆಸ್‌ನ ಲಾರಿ ಹತ್ತಿದಳು. ವಾನ್ನೆಸ್ ದಾರಿಯುದ್ದಕ್ಕೂ ತಿರುವುಗಳಲ್ಲಿ ಜಗ್ಗು ಅಲುಗದಂತೆ ನಿಧಾನಿಸಿದ. ಆಶ್ರಮದ ಬಾಗಿಲಲ್ಲೇ ಸಿಸ್ಟರ್ ತಡೆದು ನಿಲ್ಲಿಸಿ, ಮೊನ್ನೆ ರಾತ್ರಿ ಬ್ರದರಿಗೆ ಲಕ್ವ ಹೊಡೆಯಿತೆಂದೂ ಎರಡು ಕೈಗೂ ಬಲವಿಲ್ಲವೆಂದೂ ತಿಳಿಸಿದರು.

ಬ್ರದರಿಗೆ ಮಾತು ಮಾತ್ರ ಇತ್ತು, ಅದೂ ತೊದಲು. ಲುಟ್ಗಾರ್ಡ್ ಲೋಟಕ್ಕೆ ಬಗ್ಗಿಸಿ ಅವರ ತುಟಿಗೆ ಹಿಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು. ಅವರು ಕಣ್ಣು ಮುಚ್ಚಿ ನುಂಗಿದರು.

"ಹದ... ಬಂದಿದೆ. ನೀನೂ ಕುಡಿ."

"ನೀವು ಬಗ್ಗಿಸಿ ಕೊಟ್ರೆ ಕುಡಿತೀನಿ. ಕೈಗೆ ಬಲ ಬರ್ಲಿ."

ಉಳಿದದ್ದನ್ನು ಆಕೆ ಸಿಸ್ಟರಿಗೆ ಕೊಟ್ಟು, ಸಂಜೆ ಊಟಕ್ಕೆ ಸ್ವಲ್ಪ ಸ್ವಲ್ಪವೇ ಕುಡಿಸಿ ಎಂದು ಹೇಳಿ ಬಂದಳು. ತೊಟ್ಟಿಯಲ್ಲಿದ್ದದ್ದನ್ನು ಉಳಿದ ಮೂವರು ಮುದುಕರು ತಮ್ಮ ಕೊನೆಯ ಊಟಗಳಿಗೆ ಕುಡಿಯುತ್ತಿದ್ದಾರೆ. ಜಗ್ಗುಗಳು ಬಿಸಿಕೋಣೆಯ ಮುಂದೆಯೇ ಹಾದುಹೋಗುತ್ತವೆ. ಆಗೆಲ್ಲ ಆಕೆ ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟು ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ.

ಕಳೆದ ಗುರುವಾರ ಬ್ರದರ್ ಅಮಾಂಡುಸ್ ತೀರಿಕೊಂಡರು. ಅವರು ಕೊಟ್ಟ ಮಾತು ನಡೆಯಲಿಲ್ಲ.